ಪಕ್ಕೆಲುಬು ಕಾಣುವ ಮೈ, ಬಿಸಿಯೇರುವ ಗೊರಸು: ಕಟಪಾಡಿಯ ಒಂದು ಕುದುರೆಯ ಮೇವಿನ ಪ್ರಕರಣ

ಉಡುಪಿ ಜಿಲ್ಲೆಯ ಕಟಪಾಡಿ ಸಮೀಪ ತೆಂಗಿನ ತೋಟದ ಮನೆಯೊಂದರಲ್ಲಿದ್ದ ಹೆಣ್ಣು ಕುದುರೆ ಇದು. ಹಲ್ಲು ನೋಡಿ ಅಂದಾಜಿಸಿದ ವಯಸ್ಸು 16ರ ಆಸುಪಾಸು. ಮೊದಲು ಕಡಲತೀರದಲ್ಲಿ ಮಕ್ಕಳ ಸವಾರಿಗೆ, ಸೀಸನ್ನಿನಲ್ಲಿ ಮದುವೆ ದಿಬ್ಬಣಕ್ಕೆ ಬಳಸುತ್ತಿದ್ದರು. ಎರಡು ವರ್ಷದಿಂದ ಕೆಲಸವಿಲ್ಲ, ದನದ ಹಟ್ಟಿಯ ಮಗ್ಗುಲಲ್ಲೇ ಲಾಯ. ಫೆಬ್ರವರಿ ಮಧ್ಯದಲ್ಲಿ ವೈದ್ಯರನ್ನು ಕರೆಸಿದಾಗ ಮನೆಯವರ ದೂರು ಎರಡು: ಎಷ್ಟು ತಿನ್ನಿಸಿದರೂ ಮೈ ಹಿಡಿಯುತ್ತಿಲ್ಲ; ವರ್ಷಕ್ಕೆರಡು ಬಾರಿ ಮುಂಗಾಲಿನ ಗೊರಸು ಬಿಸಿಯಾಗಿ, ಮುಂಗಾಲು ಮುಂದೆ ಚಾಚಿ, ಭಾರವನ್ನೆಲ್ಲ ಹಿಂಗಾಲಿಗೆ ಹಾಕಿ ನಿಲ್ಲುತ್ತದೆ.

ಎರಡನೆಯದು ಲ್ಯಾಮಿನೈಟಿಸ್. ಗೊರಸಿನ ಗೋಡೆಯನ್ನು ಒಳಗಿನ ಮೂಳೆಗೆ ಹಿಡಿದಿಡುವ ಪದರಗಳು ಸಡಿಲವಾಗುವ ಕಾಯಿಲೆ. ಸಾಮಾನ್ಯವಾಗಿ ಇದು ಕೊಬ್ಬಿದ ಕುದುರೆಯ ಕಾಯಿಲೆ ಎಂಬ ತಿಳಿವಳಿಕೆ ಉಂಟು. ಹಾಗಾಗಿ ಬಡಕಲು ಕುದುರೆಗೆ ಬಂದಾಗ ಜನ ಅದನ್ನು ಕಲ್ಲು ತುಳಿದದ್ದು, ಲಾಳ ಸರಿಯಿಲ್ಲದ್ದು ಎಂದೇ ತಿಳಿಯುತ್ತಾರೆ. ಈ ಕುದುರೆಯ ಗೊರಸಿನ ಮೇಲೆ ಬಳೆಗಳಂಥ ಗೆರೆಗಳಿದ್ದವು, ಮುಂಭಾಗದಲ್ಲಿ ಒತ್ತೊತ್ತಾಗಿ, ಹಿಮ್ಮಡಿಯತ್ತ ಅಗಲವಾಗಿ. ಕಲ್ಲು ತುಳಿದರೆ ಇಂಥ ಗೆರೆ ಬೀಳುವುದಿಲ್ಲ.

ಮೊದಲ ದಿನದ ಅಳತೆ

ಎದೆಯ ಸುತ್ತಳತೆ 150 ಸೆಂ.ಮೀ., ಭುಜದ ಮೂಳೆಯ ತುದಿಯಿಂದ ಪೃಷ್ಠದ ತುದಿಗೆ ಉದ್ದ 148 ಸೆಂ.ಮೀ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿದರೆ ಕಿಲೊ ಲೆಕ್ಕದಲ್ಲಿ ತೂಕದ ಅಂದಾಜು ಸಿಗುತ್ತದೆ. ಇಲ್ಲಿ 280 ಕಿಲೊ. ಈ ಗಾತ್ರದ ಕುದುರೆಯಲ್ಲಿ ಸುತ್ತಳತೆಯ 1 ಸೆಂ.ಮೀ. ವ್ಯತ್ಯಾಸ ಎಂದರೆ ಹೆಚ್ಚುಕಡಿಮೆ 4 ಕಿಲೊ. ಟೇಪು ಒಂದು ಬೆರಳು ಅತ್ತಿತ್ತ ಸರಿದರೂ ಲೆಕ್ಕ ಕೆಡುತ್ತದೆ. ಆದ್ದರಿಂದ ಎರಡು ವಾರಕ್ಕೊಮ್ಮೆ, ಬೆಳಗ್ಗೆ ಮೇವು ಹಾಕುವ ಮೊದಲು, ಒಬ್ಬರೇ, ಮೂರು ಸಲ ಅಳೆದು ಸರಾಸರಿ ಬರೆದಿಡಬೇಕೆಂದು ಗೊತ್ತುಮಾಡಲಾಯಿತು.

1983ರಲ್ಲಿ ಹೆನ್ನೆಕೆ ರೂಪಿಸಿದ 1ರಿಂದ 9ರ ಮೈಕಟ್ಟಿನ ಅಂಕದಲ್ಲಿ ಇದಕ್ಕೆ ಸಿಕ್ಕಿದ್ದು 3. ಪಕ್ಕೆಲುಬುಗಳು ಕಣ್ಣಿಗೇ ಕಾಣುತ್ತವೆ, ಬಾಲದ ಬುಡ ಎದ್ದು ನಿಂತಿದೆ, ಬೆನ್ನೆಲುಬಿನ ಎರಡು ಪಕ್ಕ ತಗ್ಗು. ಆದರೆ ಕತ್ತಿನ ಮೇಲ್ತುದಿಯಲ್ಲಿ, ಜೂಲಿನ ಬುಡದಲ್ಲಿ, ಹಿಡಿಗೆ ಸಿಗುವಷ್ಟು ಗಟ್ಟಿ ಕೊಬ್ಬಿನ ದಿಂಡು ಉಳಿದಿತ್ತು. ಮೈಯೆಲ್ಲ ಬಡಕಲು, ಕತ್ತಿನಲ್ಲಿ ಮಾತ್ರ ಕೊಬ್ಬು: ಈ ಜೋಡಿ ಕಂಡರೆ ಇನ್ಸುಲಿನ್ ಕಡೆಗೆ ಗಮನ ಹೋಗಲೇಬೇಕು. ರಕ್ತದಲ್ಲಿ ಇನ್ಸುಲಿನ್ ವಿಪರೀತ ಏರಿದರೆ ಗೊರಸಿನ ಆ ಪದರಗಳು ಸಡಿಲವಾಗುತ್ತವೆ.

ಯಾಕೆ ಬಡಕಲು?

ಮೇವು ಬದಲಿಸುವ ಮೊದಲು ಕೇಳಬೇಕಾದ ಪ್ರಶ್ನೆ ಇದು. ಕಾರಣ ಒಂದಲ್ಲ, ಮೂರು ಸಿಕ್ಕಿದವು.

ಒಂದು, ಹಲ್ಲು. ಲಾಯದ ಮೂಲೆಯಲ್ಲಿ ಅರ್ಧ ಜಗಿದು ಉಗುಳಿದ ಹುಲ್ಲಿನ ಉಂಡೆಗಳು ಬಿದ್ದಿದ್ದವು. ದವಡೆ ಹಲ್ಲಿನ ಹೊರ ಅಂಚು ಚೂಪಾಗಿ ಕೆನ್ನೆಯ ಒಳಗೆ ಹುಣ್ಣು ಮಾಡಿತ್ತು. ಅರದಿಂದ ಉಜ್ಜಿ ಸರಿಪಡಿಸಿದ ಮೇಲೆ ಉಂಡೆ ಬೀಳುವುದು ಒಂದೇ ವಾರದಲ್ಲಿ ನಿಂತಿತು.

ಎರಡು, ಮರಳು. ಆ ಭಾಗದ ನೆಲ ಮರಳುಮಣ್ಣು. ಹುಲ್ಲನ್ನು ನೆಲಕ್ಕೇ ಹಾಕುತ್ತಿದ್ದರು. ನೆಲ ಮುಟ್ಟದ ಐದಾರು ಲದ್ದಿ ಉಂಡೆಗಳನ್ನು ಪಾರದರ್ಶಕ ಬಾಟಲಿಯ ನೀರಿನಲ್ಲಿ ಕದಡಿ ಕಾಲು ಗಂಟೆ ಇಟ್ಟರೆ ತಳದಲ್ಲಿ ಮರಳು ಕೂರುತ್ತದೆ. ಇಲ್ಲಿ ಬೆರಳು ದಪ್ಪದ ಪದರವೇ ಕೂತಿತು. ಕರುಳಿನಲ್ಲಿ ಮರಳು ತುಂಬಿದ ಕುದುರೆ ತಿಂದದ್ದನ್ನು ಹೀರಿಕೊಳ್ಳುವುದಿಲ್ಲ, ಆಗಾಗ ಹೊಟ್ಟೆನೋವು, ತೆಳು ಲದ್ದಿ. ವೈದ್ಯರ ಸಲಹೆಯಂತೆ ಕೆಲವು ದಿನ ಇಸಬ್ಗೋಲ್ ಹೊಟ್ಟು ಕೊಟ್ಟರು. ಅದಕ್ಕಿಂತ ಹೆಚ್ಚು ಉಪಯೋಗವಾದದ್ದು ರಬ್ಬರ್ ಮ್ಯಾಟಿನ ಮೇಲಿಟ್ಟ ತೊಟ್ಟಿ. ಒಂದು ಮಾತು ಇಲ್ಲಿ ಹೇಳಬೇಕು: ನೋಯುವ ಗೊರಸಿಗೆ ಮರಳಿನಂಥ ಮೆತ್ತನೆ ಹಾಸು ಬೇರೆ ಇಲ್ಲ. ನಿಲ್ಲಲು ಮರಳು, ತಿನ್ನಲು ಮ್ಯಾಟು. ಎರಡೂ ಬೇಕು, ಬೇರೆ ಬೇರೆ ಜಾಗದಲ್ಲಿ.

ಮೂರು, ಮೇವು. ದಿನದ ಊಟ ಹೀಗಿತ್ತು: ಹೊಟ್ಟೆ ತುಂಬ ಬೈಹುಲ್ಲು, ಬೆಳಗ್ಗೆ ಬೇಯಿಸಿದ ಹುರಳಿ (ಒಣತೂಕ ಸುಮಾರು 1 ಕಿಲೊ) ಮತ್ತು ಒಂದು ಹಿಡಿ ಬೆಲ್ಲ, ಸಂಜೆ 1 ಕಿಲೊ ಅಕ್ಕಿ ತೌಡು, ದನಕ್ಕೆ ಉಳಿದ ಗಂಜಿ ಮತ್ತು ಅಕ್ಕಚ್ಚು. ಇದರಲ್ಲೇ ಎರಡೂ ದೂರುಗಳಿಗೆ ಉತ್ತರ ಇದೆ. ಬೈಹುಲ್ಲಿನಲ್ಲಿ ಪ್ರೋಟೀನು ಶೇ. 3ರಿಂದ 4, ಸಿಲಿಕಾ ಜಾಸ್ತಿ, ಜೀರ್ಣವಾಗುವುದು ಕಡಿಮೆ. ಮೈ ಕಟ್ಟುವ ಸರಕು ಅದರಲ್ಲಿಲ್ಲ. ಹುರಳಿಯ ಮೂರನೇ ಒಂದು ಪಾಲಿಗಿಂತ ಹೆಚ್ಚು ಪಿಷ್ಟ. ಆರೋಗ್ಯವಂತ ಕುದುರೆಗೂ ಒಂದು ಹೊತ್ತಿಗೆ ಮೈತೂಕದ ಕಿಲೊಗೆ 1 ಗ್ರಾಂ ಪಿಷ್ಟ ದಾಟಬಾರದು ಎಂಬ ಲೆಕ್ಕವಿದೆ. 280 ಕಿಲೊ ಕುದುರೆಗೆ ಒಂದೇ ಬಾರಿ 350 ಗ್ರಾಂಗೂ ಮೀರಿ ಹೋಗುತ್ತಿತ್ತು, ಬೆಲ್ಲ ಬೇರೆ. ಪ್ರತಿ ಬೆಳಗ್ಗೆ ಇನ್ಸುಲಿನ್ ಏರುತ್ತಿತ್ತು. ಮಾಂಸಖಂಡಕ್ಕೆ ಬೇಕಾದ ಪ್ರೋಟೀನು ಮಾತ್ರ ಸಿಗುತ್ತಿರಲಿಲ್ಲ.

ಕುಶಿಂಗ್ಸ್, ಅಂದರೆ ಪಿಪಿಐಡಿ ಎಂಬ ಪಿಟ್ಯುಟರಿ ಗ್ರಂಥಿಯ ಕಾಯಿಲೆಯ ಅನುಮಾನವನ್ನೂ ಬಿಡುವಂತಿಲ್ಲ. ವಯಸ್ಸಾದ ಕುದುರೆ ಬೆನ್ನಿನ ಮಾಂಸ ಕಳೆದುಕೊಂಡು, ಉದ್ದ ಕೂದಲು ಉದುರದೆ ಉಳಿದು, ಜತೆಗೆ ಗೊರಸು ನೋಯುತ್ತಿದ್ದರೆ ಮೊದಲು ನೋಡಬೇಕಾದದ್ದೇ ಅದು. ಅದಿದ್ದರೆ ಪರ್ಗೊಲೈಡ್ ಮಾತ್ರೆಯಿಲ್ಲದೆ ಯಾವ ಮೇವಿನಿಂದಲೂ ಪೂರ್ತಿ ಗುಣವಿಲ್ಲ. ಅದನ್ನು ಪತ್ತೆಮಾಡಲು ಆ ಗ್ರಂಥಿಯ ಹಾರ್ಮೋನಾದ ಎಸಿಟಿಎಚ್ ಪರೀಕ್ಷೆಗೆ ರಕ್ತವನ್ನು ತಣ್ಣಗಿಟ್ಟು, ಬೇಗ ಪ್ಲಾಸ್ಮಾ ಬೇರ್ಪಡಿಸಿ ಕಳಿಸಬೇಕು. ಕರಾವಳಿಯ ಸೆಕೆಯಲ್ಲಿ ಇದೇ ಕಷ್ಟದ ಕೆಲಸ. ಹತ್ತಿರದ ಪಶುವೈದ್ಯಕೀಯ ಕಾಲೇಜುಗಳಿರುವುದು ಶಿವಮೊಗ್ಗದಲ್ಲಿ ಮತ್ತು ಹಾಸನದಲ್ಲಿ, ಎರಡಕ್ಕೂ ಘಟ್ಟ ಹತ್ತಬೇಕು. ಈ ಕುದುರೆಯ ಎಸಿಟಿಎಚ್ ಮಿತಿಯೊಳಗೆ ಬಂತು. ಇನ್ಸುಲಿನ್ ಮಾತ್ರ ಪ್ರಯೋಗಾಲಯ ಕೊಟ್ಟ ಮಿತಿಗಿಂತ ಮೇಲಿತ್ತು. ಆ ರಕ್ತವನ್ನು ಹುಲ್ಲು ತಿನ್ನುತ್ತಿದ್ದಾಗಲೇ ತೆಗೆದದ್ದು. ಉಪವಾಸ ಹಾಕಿ ತೆಗೆದಿದ್ದರೆ ಸಹಜ ಎಂದೇ ಬರುವ ಸಾಧ್ಯತೆ ಹೆಚ್ಚು, ಮನೆಯವರು ಸುಮ್ಮನಾಗಿಬಿಡುತ್ತಿದ್ದರು. ಲದ್ದಿಯ ಹುಳದ ಮೊಟ್ಟೆ ಎಣಿಸಿ, ಅಳೆದ ತೂಕಕ್ಕೆ ತಕ್ಕ ಜಂತುಹುಳದ ಮದ್ದನ್ನೂ ಕೊಡಲಾಯಿತು.

ಶಕ್ತಿಯ ಲೆಕ್ಕ

ಗುರಿ 305 ಕಿಲೊ, ಮೈಕಟ್ಟಿನ ಅಂಕ 5ರೊಳಗೆ. ಅಂದರೆ 25 ಕಿಲೊ ಏರಬೇಕು. ಸುಮ್ಮನಿರುವ ಕುದುರೆಗೆ ದಿನಕ್ಕೆ ಮೈತೂಕದ ಕಿಲೊಗೆ ಸುಮಾರು 33 ಕಿಲೊಕ್ಯಾಲೊರಿ ಬೇಕು. 305 ಕಿಲೊಗೆ 10 ಮೆಗಾಕ್ಯಾಲೊರಿ ಚಿಲ್ಲರೆ. ಒಂದು ಕಿಲೊ ಮೈ ಏರಿಸಲು ಅದರ ಮೇಲೆ 16ರಿಂದ 20 ಮೆಗಾಕ್ಯಾಲೊರಿ. 25 ಕಿಲೊಗೆ 450 ಎಂದಿಟ್ಟುಕೊಂಡು 120 ದಿನಕ್ಕೆ ಹಂಚಿದರೆ ದಿನಕ್ಕೆ 4ರ ಹತ್ತಿರ. ಒಟ್ಟು 14 ಮೆಗಾಕ್ಯಾಲೊರಿ. ಇದನ್ನು 60 ದಿನದಲ್ಲಿ ಮುಗಿಸುವ ಆಸೆ ಮನೆಯವರಿಗಿತ್ತು. ಹಾಗೆ ಮಾಡಲು ದಿನಕ್ಕೆ 18 ಬೇಕು. ಹುಲ್ಲಿನಿಂದ ಅಷ್ಟು ಬರುವುದಿಲ್ಲ, ಕಾಳಿಗೆ ಹೋಗಬೇಕಾಗುತ್ತದೆ, ಕಾಳಿಗೆ ಹೋದರೆ ಗೊರಸು ಹೋಯಿತು. ನಾಲ್ಕು ತಿಂಗಳ ಅವಧಿಯನ್ನು ನಿರ್ಧರಿಸಿದ್ದೇ ಗೊರಸು.

ಮನೆಯ ಹಿರಿಯ ಅಮ್ಮನಿಗೆ ಮಾತ್ರ ನಂಬಿಕೆ ಬರಲಿಲ್ಲ. "ಹುರಳಿ ಕೊಡದೆ ಕುದುರೆ ದಪ್ಪ ಆಗುದುಂಟಾ ಡಾಕ್ಟ್ರೇ?" "ದುಡಿಯುವ ಕುದುರೆಗೆ ಹುರಳಿ ಸರಿ ಅಮ್ಮ. ಇದಕ್ಕೆ ಆಗುದಿಲ್ಲ. ಇದಕ್ಕೆ ನಿಮ್ಮ ತೋಟದ್ದೇ ಉಂಟಲ್ಲ, ತೆಂಗಿನ ಹಿಂಡಿ."

ತೆಂಗಿನ ಹಿಂಡಿ

ಕೊಬ್ಬರಿಯಿಂದ ಎಣ್ಣೆ ತೆಗೆದು ಉಳಿದ ಈ ಹಿಂಡಿಯಲ್ಲಿ ಪಿಷ್ಟ ಅತ್ಯಲ್ಪ, ಪ್ರೋಟೀನು ಶೇ. 20ರ ಆಸುಪಾಸು, ಗಾಣದಲ್ಲಿ ಒತ್ತಿದ್ದಾದರೆ ಶೇ. 8 ಅಥವಾ ಅದಕ್ಕಿಂತ ಹೆಚ್ಚು ಎಣ್ಣೆ, ಉಳಿದದ್ದರಲ್ಲಿ ಬಹುಪಾಲು ಜೀರ್ಣವಾಗುವ ನಾರು. ಆಸ್ಟ್ರೇಲಿಯಾದಲ್ಲಿ ಲ್ಯಾಮಿನೈಟಿಸ್ ಭಯವಿರುವ ಕುದುರೆಗಳಿಗೆಂದೇ ಇದನ್ನು ಚೀಲ ಕಟ್ಟಿ ಮಾರುತ್ತಾರೆ. ಇಲ್ಲಿ ಅದು ದನದ ಬಾನಿಗೆ ಹೋಗುತ್ತದೆ.

ಆದರೆ ಹಿಂಡಿ ಎಂಬ ಹೆಸರಿನಲ್ಲಿ ಸಿಕ್ಕಿದ್ದೆಲ್ಲ ಒಂದೇ ಅಲ್ಲ. ರಾಸಾಯನಿಕದಿಂದ ಎಣ್ಣೆ ಪೂರ್ತಿ ಎಳೆದ ಹಿಂಡಿಯಲ್ಲಿ ಶಕ್ತಿ ಕಡಿಮೆ. ಸರಿಯಾಗಿ ಒಣಗದ ಕೊಬ್ಬರಿಯ ಹಿಂಡಿಯಲ್ಲಿ ಬೂಸ್ಟು, ಅದರೊಂದಿಗೆ ಅಫ್ಲಟಾಕ್ಸಿನ್ ಎಂಬ ಯಕೃತ್ತಿನ ವಿಷ. ಹಳತಾದರೆ ಕಮಟು ವಾಸನೆ. ಒಂದು ಬಾರಿಗೆ 15 ದಿನಕ್ಕೆ ಬೇಕಾದಷ್ಟೇ, ಪರಿಚಯದ ಗಾಣದಿಂದ, ತುಂಡು ಮುರಿದು ಮೂಸಿ ನೋಡಿ ತರಬೇಕು. ಒಳಗೆ ಹಸಿರು, ಕಪ್ಪು ಚುಕ್ಕೆ ಕಂಡರೆ ದನಕ್ಕೂ ಬೇಡ. ಮುಚ್ಚಳದ ಡಬ್ಬದಲ್ಲಿ, ನೆಲದಿಂದ ಮೇಲೆ ಇಡಬೇಕು. ಇದರ ಪ್ರೋಟೀನಿನಲ್ಲಿ ಲೈಸಿನ್ ಎಂಬ ಅಮೈನೊ ಆಮ್ಲ ಕಡಿಮೆಯಿರುವುದರಿಂದ ಬೆನ್ನಿನ ಮಾಂಸ ಬೆಳೆಯಲು ಹಿಂಡಿಯೊಂದೇ ಸಾಲದು. ಅದಕ್ಕಾಗಿ ದಿನಕ್ಕೆ 150 ಗ್ರಾಂ ಸೋಯಾ ಹಿಂಡಿ ಸೇರಿತು.

ಒಂದು ಪಾಲು ಪುಡಿ ಹಿಂಡಿಗೆ ಮೂರು ಪಾಲು ಉಗುರುಬೆಚ್ಚನೆ ನೀರು, ಅರ್ಧ ಗಂಟೆ. ಒಣಗಿದ್ದನ್ನೇ ಕೊಟ್ಟರೆ ಗಂಟಲಲ್ಲಿ ಉಬ್ಬಿ ಸಿಕ್ಕಿಕೊಳ್ಳುವ ಅಪಾಯ. ಬೆಳಗ್ಗೆ ನೆನೆಸಿದ್ದನ್ನು ಸಂಜೆಗೆ ಇಡಬಾರದು, ಈ ಊರಿನ ಸೆಕೆಗೆ ಅಷ್ಟರಲ್ಲಿ ಹುಳಿಯುತ್ತದೆ.

ಪೂರ್ಣ ಪ್ರಮಾಣಕ್ಕೆ ಬಂದ ಮೇಲೆ ದಿನದ ಮೇವು

ಒಣ ರೋಡ್ಸ್ ಹುಲ್ಲು, ಘಟ್ಟದ ಮೇಲಿನಿಂದ ತರಿಸಿದ್ದು: 5.5 ಕಿಲೊ
ಒಣ ಕುದುರೆ ಮಸಾಲೆ, ಅಂದರೆ ಲೂಸರ್ನ್: 750 ಗ್ರಾಂ
ತೆಂಗಿನ ಹಿಂಡಿ: ಒಣತೂಕ 750 ಗ್ರಾಂ, ಮೂರು ಹೊತ್ತಿಗೆ ಹಂಚಿ
ಸೋಯಾ ಹಿಂಡಿ: 150 ಗ್ರಾಂ
ಅಡುಗೆ ಎಣ್ಣೆ: 100 ಮಿ.ಲೀ.
ಉಪ್ಪು: 30 ಗ್ರಾಂ, ಬೆವರುವ ದಿನ ಇನ್ನೂ 15
ವಿಟಮಿನ್ ಇ: 400ರ ಎರಡು ಕ್ಯಾಪ್ಸೂಲ್
ಕುದುರೆಗೆ ಹೊಂದುವ ಖನಿಜ ಮಿಶ್ರಣ, ಡಬ್ಬದ ಮೇಲಿನ ಪ್ರಮಾಣದಂತೆ

ಇದೆಲ್ಲ ಸೇರಿ 14 ಮೆಗಾಕ್ಯಾಲೊರಿ ದಾಟುತ್ತದೆ, ಒಣತೂಕ ಮೈತೂಕದ ಶೇ. 2.3. ಹುಲ್ಲನ್ನು ಸಣ್ಣ ಕಣ್ಣಿನ ಬಲೆಯಲ್ಲಿ ಐದು ಕಂತಾಗಿ, ರಾತ್ರಿ 10ರದ್ದನ್ನು ದೊಡ್ಡದಾಗಿ ಕೊಡಬೇಕು. ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ಹೊಟ್ಟೆ ಬರಿದಿರಬಾರದು.

ಎಣ್ಣೆ ಯಾವುದಾದರೂ ಆದೀತು, ಕರಿದು ಉಳಿದದ್ದು ಮಾತ್ರ ಬೇಡ. 100 ಮಿ.ಲೀ.ಯಲ್ಲಿ ಸುಮಾರು 0.8 ಮೆಗಾಕ್ಯಾಲೊರಿ, ಸಕ್ಕರೆ ಸೊನ್ನೆ. ಎಣ್ಣೆ ಕೊಡುವಾಗ ವಿಟಮಿನ್ ಇ ಬೇಡಿಕೆ ಏರುತ್ತದೆ. ಹಸಿರು ಹುಲ್ಲಿಲ್ಲದ ಕುದುರೆಗೆ ಮೊದಲೇ ಅದರ ಕೊರತೆ.

ನೇಪಿಯರ್ ಹುಲ್ಲು ಯಾಕಿಲ್ಲ ಎಂದು ಕೇಳುವವರುಂಟು. ಪ್ರತಿ ಹಟ್ಟಿಯ ಹಿಂದೆಯೂ ಅದು ಬೆಳೆದಿದೆ. ಅದರಲ್ಲಿ ಆಕ್ಸಲೇಟ್ ಹೆಚ್ಚು. ದನದ ಹೊಟ್ಟೆ ಅದನ್ನು ಮುರಿಯುತ್ತದೆ, ಕುದುರೆಯದು ಅಷ್ಟಾಗಿ ಮುರಿಯದು; ಆಕ್ಸಲೇಟ್ ಕ್ಯಾಲ್ಸಿಯಂ ಹಿಡಿದುಕೊಳ್ಳುತ್ತದೆ, ಕುದುರೆ ತನ್ನ ಮೂಳೆಯಿಂದಲೇ ಕ್ಯಾಲ್ಸಿಯಂ ಎಳೆದುಕೊಳ್ಳುತ್ತದೆ, ಕೊನೆಗೆ ಮುಖದ ಮೂಳೆ ಉಬ್ಬುತ್ತದೆ. ತೌಡು, ಬೂಸಾಗಳಲ್ಲಿ ರಂಜಕ ವಿಪರೀತ, ಅವೂ ಅದೇ ದಾರಿ. ಇಲ್ಲಿ ಲೂಸರ್ನಿನ ಕ್ಯಾಲ್ಸಿಯಂ ಹಿಂಡಿಯ ರಂಜಕವನ್ನು ಸರಿದೂಗಿಸುತ್ತದೆ. ಲೂಸರ್ನ್ ಸಿಗದ ವಾರ 20 ಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್ ಪುಡಿ ಹಾಕಬೇಕು. ಎಲೆಗೆ ಹಚ್ಚುವ ಚಿಪ್ಪಿನ ಸುಣ್ಣ ಅದಲ್ಲ, ಅದು ಬಾಯಿ ಸುಡುತ್ತದೆ.

ಹಟ್ಟಿಯಲ್ಲಿದ್ದ ದನದ ಚೀಲದ ಆಹಾರವನ್ನೂ ದೂರ ಇಡಲಾಯಿತು. ಯೂರಿಯಾ ಸೇರಿರಬಹುದು ಎಂಬುದಕ್ಕಿಂತ ದೊಡ್ಡ ಕಾರಣ ಮೊನೆನ್ಸಿನ್: ಕೆಲವು ಕೋಳಿ, ದನದ ಆಹಾರಗಳಲ್ಲಿ ಬಳಸುವ ಈ ವಸ್ತು ಕುದುರೆಯ ಹೃದಯಕ್ಕೆ ಮಾರಕ, ಅದೂ ಅತಿ ಸಣ್ಣ ಪ್ರಮಾಣದಲ್ಲಿ.

ಬದಲಾಯಿಸಿದ ಕ್ರಮ

ಬೆಲ್ಲ, ಹುರಳಿ, ತೌಡು, ಗಂಜಿ, ಅಕ್ಕಚ್ಚು ಮೊದಲ ದಿನವೇ ಬಂದ್. ಪಿಷ್ಟವನ್ನು ನಿಧಾನವಾಗಿ ಇಳಿಸುವ ಅಗತ್ಯವಿಲ್ಲ, ಏರಿಸುವಾಗ ಮಾತ್ರ ನಿಧಾನ ಬೇಕು. ರೋಡ್ಸ್ ಹುಲ್ಲನ್ನು ಬೈಹುಲ್ಲಿಗೆ ಬೆರೆಸುತ್ತ ಹತ್ತು ದಿನದಲ್ಲಿ ಪೂರ್ತಿ. ಹಿಂಡಿ ಐದನೇ ದಿನದಿಂದ 100 ಗ್ರಾಂ, ಮೂರು ದಿನಕ್ಕೊಮ್ಮೆ 100 ಹೆಚ್ಚಳ. ಹಿಂಡಿ ಪೂರ್ಣ ಪ್ರಮಾಣಕ್ಕೆ ಬಂದ ಮೇಲೆ ಎಣ್ಣೆ 20 ಮಿ.ಲೀ.ಯಿಂದ, ನಾಲ್ಕು ದಿನಕ್ಕೊಮ್ಮೆ 20 ಹೆಚ್ಚಳ. ಮೈಕಟ್ಟು 1 ಅಥವಾ 2ಕ್ಕೆ ಇಳಿದ, ದಿನಗಟ್ಟಲೆ ಉಪವಾಸವಿದ್ದ ಕುದುರೆಗೆ ಈ ಕ್ರಮ ನಡೆಯದು. ಅದಕ್ಕೆ ಮೊದಲ ದಿನಗಳಲ್ಲಿ ನಾಲ್ಕು ಗಂಟೆಗೊಮ್ಮೆ ಸ್ವಲ್ಪ ಲೂಸರ್ನ್ ಮಾತ್ರ; ತಟ್ಟನೆ ಹೊಟ್ಟೆ ತುಂಬ ಕೊಟ್ಟರೆ ರಕ್ತದ ರಂಜಕ ಕುಸಿದು ಮೂರರಿಂದ ಐದನೇ ದಿನ ಸಾಯುವುದೂ ಉಂಟು.

ಹುಲ್ಲು ನೆನೆಸುವ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಲ್ಯಾಮಿನೈಟಿಸ್ ಎಂದ ಕೂಡಲೇ ಹುಲ್ಲು ನೆನೆಸಿ ಕೊಡಿ ಎಂಬ ಸಲಹೆ ಬರುತ್ತದೆ. ದಪ್ಪ ಕುದುರೆಗೆ ಅದು ಒಳ್ಳೆಯದೇ. ಆದರೆ ನೀರಿಗೆ ಹೋಗುವುದು ಸಕ್ಕರೆ ಮಾತ್ರವಲ್ಲ, ಒಣಪದಾರ್ಥ, ಖನಿಜ ಎಲ್ಲ. ರಾತ್ರಿಯಿಡೀ ನೆನೆಸಿದರೆ ಬಡಕಲು ಕುದುರೆಯ ಊಟವನ್ನೇ ಚರಂಡಿಗೆ ಚೆಲ್ಲಿದಂತೆ, ಜತೆಗೆ ಹುಳಿ ವಾಸನೆ. ಇಲ್ಲಿ ಮೊದಲು ಹುಲ್ಲನ್ನು ಒಣಗಿದ್ದಾಗಲೇ ತೂಗಿ, ಶೇ. 10 ಹೆಚ್ಚು ಹಾಕಿ, 40 ನಿಮಿಷ ಮಾತ್ರ ನೆನೆಸಿ, ನೀರು ಚೆಲ್ಲಿ ಕೊಟ್ಟರು. ಅಷ್ಟರಲ್ಲಿ ಹುಲ್ಲಿನ ಮಾದರಿ ಪರೀಕ್ಷೆಗೆ ಹೋಗಿತ್ತು. ಸಕ್ಕರೆ, ಪಿಷ್ಟ ಎರಡೂ ಸೇರಿ ಶೇ. 9ರ ಹತ್ತಿರ ಬಂತು, ಶೇ. 10ರೊಳಗಿದ್ದರೆ ಸಾಕು. ನೆನೆಸುವುದನ್ನು ನಿಲ್ಲಿಸಿದರು, ಧೂಳಿಗೆ ನೀರು ಚಿಮುಕಿಸುವುದಷ್ಟೇ ಉಳಿಯಿತು. ಹೊಸ ಲೋಡು ಬಂದಾಗ ಫಲಿತಾಂಶ ಬರುವವರೆಗೆ ಮತ್ತೆ ನೆನೆಸಬೇಕು. ರೋಡ್ಸ್‌ನಂಥ ಉಷ್ಣವಲಯದ ಹುಲ್ಲು ಯುರೋಪಿನ ಹುಲ್ಲಿನಂತೆ ಫ್ರಕ್ಟಾನ್ ಎಂಬ ಸಕ್ಕರೆಯನ್ನು ಕೂಡಿಡುವುದಿಲ್ಲ ಎಂಬುದು ನಮಗೆ ಅನುಕೂಲ, ಆದರೆ ಅದರಲ್ಲೂ ಪಿಷ್ಟ ಇರುತ್ತದೆ.

ತಪ್ಪಿದ ಎರಡು ಕಡೆ

ಐದನೇ ವಾರ ಲದ್ದಿ ತೆಳುವಾಯಿತು. ಕೆದಕಿದಾಗ ಗೊತ್ತಾದದ್ದು: ಬೇಗ ದಪ್ಪವಾಗಲಿ ಎಂದು ಎಣ್ಣೆಯನ್ನು 40ರಿಂದ ಒಂದೇ ದಿನ 100ಕ್ಕೆ ಏರಿಸಿದ್ದರು. ಸಣ್ಣ ಕರುಳಿನಲ್ಲಿ ಹೀರಲಾಗದ ಎಣ್ಣೆ ಮುಂದೆ ಹೋಗಿ ನಾರು ಜೀರ್ಣಿಸುವ ಸೂಕ್ಷ್ಮಜೀವಿಗಳಿಗೆ ಅಡ್ಡ ಬರುತ್ತದೆ. ಮತ್ತೆ 40ಕ್ಕೆ ಇಳಿಸಿ, ಲದ್ದಿ ಗಟ್ಟಿಯಾಗಿ ಮೂರು ದಿನ ಕಳೆದ ಮೇಲೆ ಮೊದಲಿನಂತೆ ಏರಿಸಿದರು.

ಇನ್ನೊಂದು ದೊಡ್ಡದು, ಮೇ ಮಧ್ಯದಲ್ಲಿ. ಎರಡು ಮಳೆ ಬಂದು ತೋಟದಲ್ಲಿ ಎಳೆ ಹುಲ್ಲು ಚಿಗುರಿತ್ತು. ಕುದುರೆ ಚೆನ್ನಾಗಿ ಕಾಣುತ್ತಿದೆಯಲ್ಲ ಎಂದು ಮನೆಗೆ ಬಂದ ನೆಂಟರೊಬ್ಬರು ಮಧ್ಯಾಹ್ನ ತೋಟದಲ್ಲಿ ಕಟ್ಟಿದರು. ಹಗ್ಗ ಹಲಸಿನ ಮರದ ಬುಡದವರೆಗೆ ಸಾಕಾಗುತ್ತಿತ್ತು. ಬಿದ್ದು ಒಡೆದ ಹಣ್ಣಿನಲ್ಲಿ ಉಳಿದದ್ದು ಸಿಪ್ಪೆ ಮಾತ್ರ.

ಮರುದಿನ ಬೆಳಗ್ಗೆ ಮುಂಗಾಲಿನ ಗೆಣ್ಣಿನ ಹಿಂದೆ ಎರಡು ಪಕ್ಕವೂ ನಾಡಿ ಬಡಿತ ಬೆರಳಿಗೆ ಜೋರಾಗಿ ಸಿಗುತ್ತಿತ್ತು, ತಿರುಗುವಾಗ ಹಿಂಜರಿಕೆ. ಈ ಮನೆಯಲ್ಲಿ ದಿನವೂ ಬೆಳಗ್ಗೆ ನಾಡಿ ಮುಟ್ಟಿ ನೋಡುವ ಅಭ್ಯಾಸ ಆಗಿದ್ದರಿಂದ ಕುಂಟುವ ಮೊದಲೇ ಗೊತ್ತಾಯಿತು. ಮಲ್ಪೆಯಿಂದ ಮೀನಿಗೆ ಹಾಕುವ ಐಸ್ ತರಿಸಿ, ಪುಡಿ ಮಾಡಿ, ನೀರಿನೊಂದಿಗೆ ಎತ್ತರದ ಬಕೆಟಿನಲ್ಲಿ ತುಂಬಿ, ಗೊರಸಿನಿಂದ ಮೊಣಕಾಲಿನ ಕೆಳಗಿನವರೆಗೆ ಮುಳುಗುವಂತೆ ಎರಡು ದಿನ ಬಿಡದೆ ನಿಲ್ಲಿಸಿದರು. ಗಂಟೆಗೊಮ್ಮೆ ಅರ್ಧ ತಾಸು ಇಟ್ಟು ತೆಗೆದರೆ ಪ್ರಯೋಜನವಿಲ್ಲ, ತಂಪು ನಿರಂತರ ಇರಬೇಕು. ನೋವಿನ ಮದ್ದು ವೈದ್ಯರದ್ದು. ಮೇವಿನಲ್ಲಿ ಹಿಂಡಿ ಅರ್ಧ, ಲೂಸರ್ನ್ ಬಂದ್, ಹುಲ್ಲು ಮತ್ತೆ ನೆನೆಸಿ, ಎಣ್ಣೆ ಹಾಗೇ. ಹುಲ್ಲನ್ನು ಮಾತ್ರ ಕಡಿಮೆ ಮಾಡಲಿಲ್ಲ. ಬಡಕಲು ಕುದುರೆಯನ್ನು ಉಪವಾಸ ಕೆಡವಿದರೆ ಮೈಯ ಕೊಬ್ಬು ರಕ್ತಕ್ಕೆ ಇಳಿದು ಬೇರೆ ತೊಂದರೆ ಶುರುವಾಗುತ್ತದೆ. ನಾಡಿ ತಣ್ಣಗಾಗಲು ಐದು ದಿನ, ಮೊದಲಿನ ಪ್ರಮಾಣಕ್ಕೆ ಬರಲು ಮೂರು ವಾರ.

ಅಳತೆಯ ಪುಸ್ತಕ

ನಾಲ್ಕನೇ ವಾರ ಸುತ್ತಳತೆ 151.5 ಸೆಂ.ಮೀ., 286 ಕಿಲೊ. ಎಂಟನೇ ವಾರ 153.5, 294 ಕಿಲೊ. ಹನ್ನೆರಡನೇ ವಾರ 155, 299 ಕಿಲೊ. ಹಲಸಿನ ಪ್ರಸಂಗದ ನಂತರ ಎರಡು ವಾರ ಏನೂ ಏರಲಿಲ್ಲ. ಹದಿನೆಂಟನೇ ವಾರ 156.5, 305 ಕಿಲೊ. ಪಕ್ಕೆಲುಬು ಈಗ ಕಣ್ಣಿಗೆ ಕಾಣದು, ಕೈಗೆ ಸಿಗುತ್ತದೆ. ಮೊದಲ ತಿಂಗಳ ಏರಿಕೆಯಲ್ಲಿ ಒಂದು ಪಾಲು ಹೊಟ್ಟೆ ತುಂಬಿದ್ದರ ತೂಕ ಎಂಬುದನ್ನು ಮರೆಯುವಂತಿಲ್ಲ. ಕತ್ತಿನ ದಿಂಡು ಮಾತ್ರ ಬೆಳೆಯಲಿಲ್ಲ, ಸ್ವಲ್ಪ ಮೆತ್ತಗಾಯಿತು. ತೂಕಕ್ಕಿಂತ ಅದೇ ಒಳ್ಳೆಯ ಸುದ್ದಿ. ದಿಂಡು ಗಟ್ಟಿಯಾಗುತ್ತ ತೂಕ ಏರಿದ್ದರೆ ಮೇವು ಎಲ್ಲೋ ತಪ್ಪಿದೆ ಎಂದೇ ಅರ್ಥ. ಗೊರಸು ಕತ್ತರಿಸಲು ಐದು ವಾರಕ್ಕೊಮ್ಮೆ ಲಾಳದವರು ಬರುತ್ತಾರೆ. ಹಿಮ್ಮಡಿ ತಗ್ಗಿಸಿ, ಮುಂತುದಿ ಹಿಂದಕ್ಕೆ ತಂದ ಮೇಲೆ ಹೊಸದಾಗಿ ಬೆಳೆದ ಗೋಡೆ ಮೊದಲ ಎರಡು ಬೆರಳಷ್ಟು ಗೆರೆಯಿಲ್ಲದೆ ಇಳಿದಿದೆ.

ಜೂನ್ ಕೊನೆಯಿಂದ ಎಣ್ಣೆ 50ಕ್ಕೆ, ಹಿಂಡಿ 400ಕ್ಕೆ ಇಳಿದಿದೆ, ಹುಲ್ಲು ಅಷ್ಟೇ. ಮಳೆಗಾಲದಲ್ಲಿ ಹಿಂಡಿಯನ್ನು 15 ದಿನಕ್ಕಲ್ಲ, ವಾರಕ್ಕೊಮ್ಮೆ ತರುತ್ತಾರೆ. ಹುಲ್ಲಿನ ಕಟ್ಟುಗಳು ಅಡಕೆ ಸಲಾಕೆಯ ಅಟ್ಟದ ಮೇಲೆ, ಗೋಡೆಯಿಂದ ಒಂದು ಗೇಣು ದೂರದಲ್ಲಿವೆ. ಹಲಸಿನ ಮರದ ಸುತ್ತ ಬೇಲಿ ಬಂದಿದೆ.